ಕುಕ್ಕನ ನೌಕಾಯಾನಗಳ ಪಕ್ಷಿಚಿತ್ರಗಳು

ಕ್ರಿ. ಶ. 1774ನೆಯ ಇಸವಿ ಜೂನ್ ತಿಂಗಳ 1ನೆಯ ತಾರೀಖು ಪೆಸಿಫಿಕ್ ಮಹಾಸಾಗರದ ರಾಯಿಯಾತೆಯ ಎಂಬ ದ್ವೀಪದಲ್ಲಿ ಒಂದು ಹಕ್ಕಿಯ ಚಿತ್ರವು ಬರೆಯಲ್ಪಟ್ಟಿತು. ಹಕ್ಕಿ ಹೆಣ್ಣು, ಮೈಬಣ್ಣ ಕಂದು, ಗರಿಗಳ ಅಂಚು ಕೆಂಗಂದು. ಕಣ್ಣನ್ನು ಸೆಳೆಯುವಂಥ ಬೆಡಗು ಅದರಲ್ಲಿ ಏನೂ ಇರಲಿಲ್ಲ. ಬರೆದವನು ಹತ್ತೊಂಬತ್ತು ವರ್ಷದ ತರುಣ, ಗೆಯೋರ್ಗ್ ಫಾರ್ಸ್ಟರ್. ಆ ಹಕ್ಕಿಯ ತೊಗಲು ಲಂಡನ್ನಿಗೆ ಹೋಗಿ ಜೋಸೆಫ್ ಬ್ಯಾಂಕ್ಸನ ಸಂಗ್ರಹವನ್ನು ಸೇರಿತು. ಜಾನ್ ಲೇಥಮ್ ಎಂಬ ಪಕ್ಷಿಶಾಸ್ತ್ರಜ್ಞನು 1783ರಲ್ಲಿ ಅದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದನು. ತರುವಾಯ ತೊಗಲು ಕಾಣೆಯಾಯಿತು. ದ್ವೀಪದಲ್ಲಿಯಾದರೂ ಆ ಜಾತಿಯ ಹಕ್ಕಿಯನ್ನು ಅನಂತರ ಹೋದ ಯಾವ ಶಾಸ್ತ್ರಜ್ಞನೂ ಕಂಡವನಲ್ಲ. ಇಂದು ಲೋಕದಲ್ಲಿ ಅದರ ಇರವಿಗೆ ಸಾಕ್ಷಿಯಾಗಿ ಉಳಿದಿರುವುದು ಆ ಒಂದು ಹಾಳೆ ಮತ್ತು ಕೆಲವು ಸಾಲುಗಳ ಬರಹ. ಅದನ್ನು ಮೊದಲು ಸಿಳ್ಳಾರದ ಕುಲಕ್ಕೆ ಸೇರಿಸಿದರು. ಜೇನುಹೀರುವ ಹಕ್ಕಿಯೆಂದು ಕೆಲವರು ಎಣಿಸಿದರು. ಈಗ ಗೊರವಂಕದ ನಂಟಿನ ಕುಲಕ್ಕೆ ಸೇರಿಸಿರುತ್ತಾರೆ. ಕುಲವನ್ನೇ ನಿರ್ಣಯಿಸಲಾರದಷ್ಟು ಕಡಮೆ ಸಾಕ್ಷ್ಯವುಳ್ಳ ಒಂದು ಪ್ರಾಣಿಯನ್ನು ಒಂದು ಚಿತ್ರವು ಇನ್ನೂರ ಐವತ್ತು ವರ್ಷಗಳಿಂದ ಹೊತ್ತು ನಿಂತಿದೆ.

ಇಂಥ ಚಿತ್ರಗಳ ಬೆಲೆಯನ್ನು ಕಟ್ಟುವವರು ಎರಡು ಬಗೆಯವರು. ಕಲಾರಸಿಕರು ಅವುಗಳಲ್ಲಿ ಕಲ್ಪನೆಯಿಲ್ಲ, ನೆಳಲುಬೆಳಕುಗಳ ಆಟವಿಲ್ಲ, ಕೇವಲ ಪ್ರತಿಕೃತಿಗಳು ಎಂದು ಬದಿಗೆ ಸರಿಸುವರು. ಪ್ರಕೃತಿಶಾಸ್ತ್ರಜ್ಞರು ಅವುಗಳಲ್ಲಿ ಕೊಕ್ಕಿನ ಉದ್ದವನ್ನೂ ಗರಿಯ ಬಣ್ಣವನ್ನೂ ಹುಡುಕಿ, ಅದು ಸಿಕ್ಕಿದೊಡನೆ ಚಿತ್ರವನ್ನು ಮುಚ್ಚಿಡುವರು. ಒಬ್ಬರು ಚಿತ್ರದಲ್ಲಿ ಹಕ್ಕಿಯನ್ನು ಮರೆಯುತ್ತಾರೆ, ಇನ್ನೊಬ್ಬರು ಹಕ್ಕಿಯಲ್ಲಿ ಚಿತ್ರವನ್ನು ಮರೆಯುತ್ತಾರೆ. ಆದರೆ ಹಕ್ಕಿಯೇ ಇಲ್ಲದೆ ಚಿತ್ರ ಮಾತ್ರ ಉಳಿದಿರುವೆಡೆ ಈ ಎರಡು ದೃಷ್ಟಿಗಳನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವುದು ಆಗದ ಕೆಲಸ. ಹಾಳೆಯ ಮೇಲಿನ ಕೆಂಗಂದು ಗರಿಯ ಬಣ್ಣವೋ, ಬಣ್ಣದ ಬಟ್ಟಲಿನಲ್ಲಿ ಅಂದು ಉಳಿದಿದ್ದ ಬಣ್ಣವೋ? ಕಾಲು ಸೆಟೆದು ನಿಂತಿರುವುದು ಆ ಜಾತಿಯ ನಿಲುವೋ, ಸತ್ತ ಹಕ್ಕಿಯ ಬಿಗುವೋ? ಇವು ಶಾಸ್ತ್ರದ ಪ್ರಶ್ನೆಗಳೂ ಹೌದು, ಕಲಾವಿಮರ್ಶೆಯ ಪ್ರಶ್ನೆಗಳೂ ಹೌದು. ಕುಕ್ಕನ ಮೂರು ಯಾನಗಳ ಪಕ್ಷಿಚಿತ್ರಗಳನ್ನು ಈ ಕಣ್ಣಿನಿಂದ ನೋಡುವುದು ಅವಶ್ಯಕವಾಗಿದೆ.

ಮೊದಲನೆಯ ಯಾನದ (1768–1771) ಚಿತ್ರಕಾರನು ಸಿಡ್ನಿ ಪಾರ್ಕಿನ್ಸನ್. ಈತನು ಎಡಿನ್‌ಬರೋ ನಗರದ ಕ್ವೇಕರ್ ಮನೆತನದವನು. ಬ್ಯಾಂಕ್ಸನು ಅವನನ್ನು ‘ಎಂಡೆವರ್’ ನಾವೆಗೆ ಕರೆದುಕೊಳ್ಳುವುದಕ್ಕೆ ಮೊದಲೇ ಅವನ ಕೈಯನ್ನು ಪರೀಕ್ಷಿಸಿ ನೋಡಿದ್ದನು. ಸಿಂಹಳದಲ್ಲಿ ಡಚ್ಚರ ಗವರ್ನರನಾಗಿದ್ದ ಲೋಟನ್ ಎಂಬಾತನು ಅಲ್ಲಿ ಡಿ ಬೆವೆರೆ ಎಂಬ ಚಿತ್ರಕಾರನಿಂದ ಹಕ್ಕಿಗಳ ಚಿತ್ರಗಳನ್ನು ಬರೆಯಿಸಿ ಇಂಗ್ಲೆಂಡಿಗೆ ತಂದಿದ್ದನು. ಅವುಗಳನ್ನು ಬ್ಯಾಂಕ್ಸನಿಗಾಗಿ ನಕಲು ಮಾಡಿದವನು ಪಾರ್ಕಿನ್ಸನ್. ನಮ್ಮ ನಾಡಿನ ತೋಟಗಳಲ್ಲಿ ಹೂವಿನಿಂದ ಹೂವಿಗೆ ಹಾರುವ, ಉದ್ದವಾದ ಬಾಗಿದ ಕೊಕ್ಕಿನ ಸೂರಕ್ಕಿಯೊಂದು ಈ ಲೋಟನನ ಹೆಸರನ್ನು ಇಂದಿಗೂ ಹೊತ್ತಿರುವುದನ್ನು ಪ್ರಸಂಗವಶಾತ್ ನೆನೆಯಬಹುದು. ಹೀಗೆ ದಕ್ಷಿಣಸಮುದ್ರದ ಹಕ್ಕಿಗಳನ್ನು ಬರೆಯಹೋದವನು ಮೊದಲು ಕೈ ಪಳಗಿಸಿಕೊಂಡುದರಲ್ಲಿ ನಮ್ಮ ನೆರೆಯ ದ್ವೀಪದ ಹಕ್ಕಿಗಳ ಪಾಲೂ ಉಂಟು. ಆದರೆ ಬೇರೊಬ್ಬನ ಚಿತ್ರವನ್ನು ನೋಡಿ ಬರೆಯುವುದು ಒಂದು, ಹಡಗಿನ ಮೇಲೆ ಆಗತಾನೆ ಹೊಡೆದು ಕೆಡಹಿದ ಹಕ್ಕಿಯನ್ನು ನೋಡಿ ಬರೆಯುವುದು ಇನ್ನೊಂದು.

ಅವನು ಬರೆದ ಪರಿಸ್ಥಿತಿಯನ್ನು ಬ್ಯಾಂಕ್ಸನ ದಿನಚರಿಯು ತಿಳಿಸುತ್ತದೆ. ತಾಹಿತಿಯಲ್ಲಿ ನೊಣಗಳ ಕಾಟ ಎಷ್ಟಿತ್ತೆಂದರೆ, ಬಳಿದ ಬಣ್ಣವನ್ನು ಅವು ಕಾಗದದ ಮೇಲಿಂದಲೇ ತಿಂದುಬಿಡುತ್ತಿದ್ದುವು. ಮೇಜು, ಕುರ್ಚಿ, ಚಿತ್ರಕಾರ, ಚಿತ್ರ ಎಲ್ಲವನ್ನೂ ಒಂದು ಸೊಳ್ಳೆಪರದೆಯೊಳಗೆ ಇರಿಸಿದರು. ಅದೂ ಸಾಲದೆ ಪರದೆಯ ಒಳಗೆ ನೊಣಗಳಿಗಾಗಿ ಒಂದು ಬೋನನ್ನು ಒಡ್ಡಬೇಕಾಯಿತು. ಜೊತೆಯ ಚಿತ್ರಕಾರ ಬಕನ್ ಎಂಬವನು ಆ ದ್ವೀಪವನ್ನು ಮುಟ್ಟಿದ ಕೆಲವೇ ದಿನಗಳಲ್ಲಿ ಮಡಿದುದರಿಂದ ಅವನ ಪಾಲಿನ ಕೆಲಸವೂ ಪಾರ್ಕಿನ್ಸನನ ಹೆಗಲೇರಿತು. ಗಿಡಗಳ ಚಿತ್ರಗಳೇ ಒಂಬೈನೂರಕ್ಕೆ ಮೀರಿದುವು. ಇಷ್ಟು ಹೊರೆಯ ನಡುವೆ ಹಕ್ಕಿಗಳಿಗೆ ದೊರೆತ ವೇಳೆ ಎಷ್ಟೆಂಬುದನ್ನು ಹಾಳೆಗಳೇ ಹೇಳುತ್ತವೆ. ಕೆಲವು ಪೂರ್ಣವಾಗಿವೆ, ಅನೇಕವು ಸೀಸದ ಕಡ್ಡಿಯ ರೇಖೆಗಳು, ಅಲ್ಲೊಂದು ಇಲ್ಲೊಂದು ಕಡೆ ಬಣ್ಣದ ಸ್ಪರ್ಶ, ಯಾವ ಅಂಗಕ್ಕೆ ಯಾವ ಬಣ್ಣವೆಂಬ ಟಿಪ್ಪಣಿ. ಊರಿಗೆ ಹಿಂದಿರುಗಿದ ಮೇಲೆ ತುಂಬಿಸಿಕೊಳ್ಳೋಣ ಎಂಬುದು ಅವನ ಎಣಿಕೆಯಾಗಿತ್ತು. ಬಟಾವಿಯಾದಿಂದ ಹೊರಟ ಹಡಗಿನಲ್ಲಿ ಅತಿಸಾರವು ಹಬ್ಬಿ, 1771ನೆಯ ಜನವರಿ 26ರಂದು ಅವನೂ ತೀರಿಕೊಂಡನು. ಅವನ ದಿನಚರಿಯನ್ನು ಅಚ್ಚು ಹಾಕಿಸುವ ವಿಚಾರದಲ್ಲಿ ಅಣ್ಣನಿಗೂ ಬ್ಯಾಂಕ್ಸನಿಗೂ ನಡೆದ ಜಗಳದ ಕಥೆ ಇಲ್ಲಿ ಬೇಡ.

ಪಾರ್ಕಿನ್ಸನನ ಅಪೂರ್ಣ ಚಿತ್ರಗಳೇ ಅವನ ಪೂರ್ಣ ಚಿತ್ರಗಳಿಗಿಂತ ಮೇಲಾದುವು ಎಂದರೆ ಅದು ವಿರೋಧಾಭಾಸದ ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಹಕ್ಕಿ ಸತ್ತ ಕೆಲವೇ ಗಳಿಗೆಗಳಲ್ಲಿ ಅದರ ಕಣ್ಣಿನ ಬಣ್ಣ ಹೋಗುತ್ತದೆ. ಕೊಕ್ಕಿನ ಬುಡದ ತೊಗಲು, ಕಾಲು, ಬೆರಳುಗಳ ನಡುವಣ ಜಾಲ ಇವುಗಳ ಬಣ್ಣ ಬಹುಬೇಗ ಮಾಸುತ್ತದೆ. ಗರಿಯ ಬಣ್ಣ ಮಾತ್ರ ಬಹುಕಾಲ ನಿಲ್ಲುತ್ತದೆ. ಆದುದರಿಂದ ಜಾಣನಾದ ಲೇಖಕನು ಅವಸರದಲ್ಲಿ ಮೊದಲು ಬಣ್ಣ ಹಾಕಬೇಕಾದುದು ಅಗಲವಾದ ರೆಕ್ಕೆಗಲ್ಲ, ಈ ಚಿಕ್ಕ ಎಡೆಗಳಿಗೆ. ಎಲ್ಲವನ್ನೂ ತುಂಬದೆ, ಕಂಡುದಿಷ್ಟು, ಮಿಕ್ಕುದನ್ನು ಟಿಪ್ಪಣಿಯಿಂದ ತಿಳಿಯಿರಿ ಎನ್ನುವ ಹಾಳೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಬಿಳಿಯ ಎಡೆಯು ಅಲ್ಲಿ ಕೊರತೆಯಲ್ಲ, ಲೇಖಕನ ರುಜುವಾತು. ಪೂರ್ಣಗೊಳಿಸಿದ ಚಿತ್ರವಾದರೋ ಕಂಡ ಭಾಗವನ್ನೂ ಊಹಿಸಿದ ಭಾಗವನ್ನೂ ಒಂದೇ ಮೆರುಗಿನಿಂದ ಮುಚ್ಚುತ್ತದೆ. ನೋಡುವವನಿಗೆ ಅವುಗಳ ನಡುವಣ ಗಡಿ ಕಾಣುವುದಿಲ್ಲ.

ಎರಡನೆಯ ಯಾನದ (1772–1775) ವಿಷಯವು ಹೆಚ್ಚು ವಿಸ್ತಾರವಾಗಿ ಹೇಳತಕ್ಕದ್ದು. ‘ರೆಸಲ್ಯೂಷನ್’ ನಾವೆಯ ಪ್ರಕೃತಿಶಾಸ್ತ್ರಜ್ಞನು ಯೋಹಾನ್ ರೈನ್‌ಹೋಲ್ಡ್ ಫಾರ್ಸ್ಟರ್. ಸಹಾಯಕನೂ ಚಿತ್ರಕಾರನೂ ಅವನ ಮಗ ಗೆಯೋರ್ಗ್. ಹೊರಟಾಗ ಹುಡುಗನಿಗೆ ಹದಿನೇಳು ವರ್ಷ. ಚಿತ್ರವಿದ್ಯೆಯಲ್ಲಿ ಪಾರ್ಕಿನ್ಸನನ ಕೈಯ ಹದ ಅವನಿಗೆ ಇರಲಿಲ್ಲ. ನಾವೆಯಲ್ಲಿ ವಿಲಿಯಂ ಹಾಜಸ್ ಎಂಬ ನುರಿತ ಚಿತ್ರಕಾರನಿದ್ದರೂ ಅವನ ಕೆಲಸ ಭೂದೃಶ್ಯಗಳೂ ಜನರ ಮುಖಚಿತ್ರಗಳೂ ಆಗಿದ್ದುವು. ಹಕ್ಕಿ, ಮೀನು, ಗಿಡ ಇವೆಲ್ಲ ಈ ಹುಡುಗನ ಪಾಲು. 1773ನೆಯ ಜನವರಿ 17ರಂದು ಈ ನಾವೆ ದಕ್ಷಿಣಮೇರು ವೃತ್ತವನ್ನು ದಾಟಿತು; ಮನುಷ್ಯರು ಅದನ್ನು ದಾಟಿದರೆಂದು ದಾಖಲೆಯುಳ್ಳ ಮೊದಲ ಸಲ ಅದು. ಹಿಮದ ಗಡ್ಡೆಗಳ ನಡುವೆ, ತೇವ ಇಳಿಯುವ ಕಿರುಕೋಣೆಯಲ್ಲಿ, ಆಹಾರದ ಕೊರತೆಯಿಂದ ಬರುವ ಸ್ಕರ್ವಿ ರೋಗದ ನಡುವೆ ಅವನು ಪೆಟ್ರೆಲ್ ಪಕ್ಷಿಗಳನ್ನೂ ಪೆಂಗ್ವಿನ್‌ಗಳನ್ನೂ ಬರೆದನು. ಹಕ್ಕಿಚಿತ್ರಗಳೇ ನೂರಕ್ಕೆ ಹೆಚ್ಚು ಉಳಿದಿವೆ. ತಂದೆ ಪಕ್ಕದಲ್ಲಿ ಕುಳಿತು ಲ್ಯಾಟಿನ್ನಿನಲ್ಲಿ ಅಂಗಾಂಗಗಳನ್ನು ವರ್ಣಿಸುವನು, ಮಗ ಬರೆಯುವನು. ಮಾತೂ ಚಿತ್ರವೂ ಒಂದೇ ಹೆಣದ ಎರಡು ಮಗ್ಗುಲಿನಿಂದ ಹುಟ್ಟಿದುವು. ಆ ಲ್ಯಾಟಿನ್ ಗ್ರಂಥವು ಅಚ್ಚಾದುದು 1844ರಲ್ಲಿ, ತಂದೆ ಸತ್ತು ನಲವತ್ತಾರು ವರ್ಷಗಳ ಮೇಲೆ.

ಗೆಯೋರ್ಗನ ಚಿತ್ರಗಳ ದೋಷಗಳನ್ನು ಮರೆಮಾಚಬೇಕಾದುದಿಲ್ಲ. ಹಕ್ಕಿಗಳು ಅನೇಕ ವೇಳೆ ಪಕ್ಕಕ್ಕೆ ತಿರುಗಿಸಿ ಇಟ್ಟ ಹಲಗೆಯಂತೆ ಚಪ್ಪಟೆಯಾಗಿವೆ. ಕಾಲು ಕೊಂಬೆಯನ್ನು ಹಿಡಿದಿರುವುದಿಲ್ಲ, ಅದರ ಮೇಲೆ ಇರಿಸಲ್ಪಟ್ಟಿರುತ್ತದೆ. ಜೀವಂತ ಹಕ್ಕಿಯ ತೂಕ ಎಲ್ಲಿ ಬೀಳುತ್ತದೆಂಬ ಅರಿವು ಅವುಗಳಲ್ಲಿ ಅಪರೂಪ. ಆದರೆ ಈ ಕುಂದುಗಳ ಮೂಲವೇ ಅವನ ಗುಣಕ್ಕೂ ಮೂಲವಾಗಿದೆ. ಕಾಣದ ಚಲನವನ್ನು ಅವನು ಕಲ್ಪಿಸಿ ಸೇರಿಸಲಿಲ್ಲ. ತಾಹಿತಿಯ ಹುಂಡುಕೋಳಿಯ ಜಾತಿಯ ಹಕ್ಕಿಯ ಚಿತ್ರವನ್ನು ನೋಡಬೇಕು. ಮೇಲ್ಮೈ ಕಪ್ಪು, ಅದರ ಮೇಲೆ ಅಕ್ಕಿಕಾಳು ಎರಚಿದಂತೆ ಬಿಳಿಯ ಚುಕ್ಕೆಗಳು; ಹೆಗ್ಗತ್ತಿನಲ್ಲಿ ತುಕ್ಕಿನ ಬಣ್ಣ; ಕೆಂಪು ಕೊಕ್ಕು, ಕೆಂಪು ಕಣ್ಣು. ಈ ಹಕ್ಕಿಯೂ ನಶಿಸಿಹೋಯಿತು. ಇದರ ತೊಗಲೂ ಎಲ್ಲಿಯೂ ಇಲ್ಲ. ಕೊಕ್ಕೂ ಕಣ್ಣೂ ಕೆಂಪೆಂಬುದು ನಮಗೆ ತಿಳಿದಿರುವುದು, ಅವು ಮಾಸುವುದಕ್ಕೆ ಮೊದಲು ಹುಡುಗನೊಬ್ಬನು ಅವುಗಳ ಎದುರಿಗೆ ಕುಂಚ ಹಿಡಿದು ಕುಳಿತಿದ್ದುದರಿಂದ. ತೊಗಲು ಉಳಿದಿದ್ದರೂ ಅದು ಈ ಮಾತನ್ನು ಹೇಳಲಾರದಾಗಿತ್ತು. 1774ರ ಆಗಸ್ಟಿನಲ್ಲಿ ತನ್ನಾ ದ್ವೀಪದಲ್ಲಿ ಬರೆದ ನೆಲಪಾರಿವಾಳದ ಕಥೆಯೂ ಇದೇ.

ತೊಗಲುಗಳು ಏಕೆ ಉಳಿಯಲಿಲ್ಲವೆಂಬುದಕ್ಕೆ ಕಾರಣ ಸರಳವಾದುದು. ಶಂಖಪಾಷಾಣವನ್ನು ಲೇಪಿಸಿ ತೊಗಲನ್ನು ಹುಳುವಿನಿಂದ ಕಾಪಾಡುವ ವಿಧಾನ ಆಗ ಇನ್ನೂ ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. ಉಪ್ಪು, ಸಾರಾಯಿ, ಒಣಗಿಸುವಿಕೆ ಇವುಗಳಿಂದ ಲಂಡನ್ನನ್ನು ಮುಟ್ಟಿದುವುಗಳಲ್ಲಿ ಹಲವನ್ನು ನುಸಿ ತಿಂದಿತು. ಹಲವು ಹರಾಜಿನಲ್ಲಿ ಚೆದುರಿದುವು. ಲೆವರ್ ಎಂಬವನ ಪ್ರಸಿದ್ಧ ಸಂಗ್ರಹಾಲಯವು 1806ರಲ್ಲಿ ಹರಾಜಾದಾಗ ಕುಕ್ಕನ ಯಾನಗಳ ಎಷ್ಟೋ ಪದಾರ್ಥಗಳು ದೇಶದೇಶಗಳ ಪಾಲಾದುವು. ಕಾಗದವಾದರೋ ಬ್ಯಾಂಕ್ಸನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಯಾನ ಮುಗಿದ ಮೇಲೆ ಸಾಲದಲ್ಲಿ ಸಿಕ್ಕಿಬಿದ್ದ ಹಿರಿಯ ಫಾರ್ಸ್ಟರನು ಮಗನ ಚಿತ್ರಗಳನ್ನು 1776ರಲ್ಲಿ 400 ಗಿನಿಗಳಿಗೆ ಬ್ಯಾಂಕ್ಸನಿಗೆ ಮಾರಿಬಿಟ್ಟಿದ್ದನು. ಈಗ ಅವು ಲಂಡನ್ನಿನ ಪ್ರಕೃತಿವಿಜ್ಞಾನ ಸಂಗ್ರಹಾಲಯದಲ್ಲಿವೆ.

ಇನ್ನು ಈ ಚಿತ್ರಗಳನ್ನು ಪಂಡಿತರು ಬಳಸಿಕೊಂಡ ರೀತಿ. ಲೇಥಮನು ಬ್ಯಾಂಕ್ಸನ ಮನೆಯ ತೊಗಲುಗಳನ್ನೂ ಚಿತ್ರಗಳನ್ನೂ ನೋಡಿ ಇಂಗ್ಲಿಷಿನಲ್ಲಿ ವರ್ಣನೆ ಬರೆದನು. ಜರ್ಮನಿಯ ಗ್ಮೆಲಿನನು 1789ರ ಸುಮಾರಿನಲ್ಲಿ ಲೇಥಮನ ವರ್ಣನೆಯನ್ನು ಓದಿ, ಹಕ್ಕಿಯನ್ನಾಗಲಿ ಚಿತ್ರವನ್ನಾಗಲಿ ಕಾಣದೆಯೇ, ಲ್ಯಾಟಿನ್ ಹೆಸರುಗಳನ್ನು ಕೊಟ್ಟನು. ಹಕ್ಕಿಯಿಂದ ಚಿತ್ರಕ್ಕೆ, ಚಿತ್ರದಿಂದ ಮಾತಿಗೆ, ಒಂದು ಭಾಷೆಯ ಮಾತಿನಿಂದ ಇನ್ನೊಂದು ಭಾಷೆಯ ಹೆಸರಿಗೆ ಹೀಗೆ ಇಳಿಯುತ್ತ ಬಂದ ಪರಂಪರೆಯಲ್ಲಿ ಮೂಲದ ಪಾಠವನ್ನು ನಿರ್ಣಯಿಸುವುದು, ಓಲೆಯ ಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕನ ಕೆಲಸಕ್ಕಿಂತ ಬೇರೆಯಲ್ಲ. ಲಿಪಿಕಾರನ ಕೈತಪ್ಪನ್ನು ಕವಿಯ ಪ್ರಯೋಗವೆಂದು ನಂಬಿದರೆ ಆಗುವ ಅನರ್ಥವೇ ಇಲ್ಲಿಯೂ ಆಗಬಹುದು.

ಅದಕ್ಕೆ ಉದಾಹರಣೆ ಗೊರವದ ಜಾತಿಯ ಒಂದು ಪುಟ್ಟ ಹಕ್ಕಿ. 1773ರಲ್ಲಿ ಗೆಯೋರ್ಗನು ತಾಹಿತಿಯಲ್ಲಿ ಅದನ್ನು ಬರೆದನು. ಮೂರನೆಯ ಯಾನದಲ್ಲಿ ವೈದ್ಯನ ಸಹಾಯಕನಾಗಿ ಹೋಗಿದ್ದ ವಿಲಿಯಂ ಎಲ್ಲಿಸನು 1777ರಲ್ಲಿ ನೆರೆಯ ಮೊಓರೆಯ ದ್ವೀಪದಲ್ಲಿ ಅದನ್ನೇ ಹೋಲುವ ಹಕ್ಕಿಯೊಂದನ್ನು ಬರೆದನು. ಎಲ್ಲಿಸನ ಚಿತ್ರದಲ್ಲಿ ಕಂದುಬಣ್ಣ ತುಸು ತೆಳು. ಕಣ್ಣಿನ ಸುತ್ತಣ ಗುರುತೂ ರೆಕ್ಕೆಯ ಬಿಳುಪೂ ಬೇರೆ ತೆರ. ಲೇಥಮನ ಕಾಲದಲ್ಲಿ ಮೂರು ತೊಗಲುಗಳಿದ್ದುವು. ಅವುಗಳಲ್ಲಿಯೂ ಪರಸ್ಪರ ಭೇದಗಳಿದ್ದುವೆಂದು ಅವನು ಬರೆದಿಟ್ಟಿದ್ದಾನೆ. ಇಂದು ಉಳಿದಿರುವುದು ಒಂದೇ, ಹಾಲೆಂಡಿನ ಲೈಡನ್ ನಗರದಲ್ಲಿ. 1906ರಲ್ಲಿ ಷಾರ್ಪ್ ಎಂಬ ಪಕ್ಷಿಶಾಸ್ತ್ರಜ್ಞನು ಎಲ್ಲಿಸನ ಚಿತ್ರದ ಹಕ್ಕಿ ಪ್ರತ್ಯೇಕವಾದ ಜಾತಿಯೆಂದು ಸಾರಿ ಅದಕ್ಕೆ ಎಲ್ಲಿಸನ ಹೆಸರನ್ನೇ ಇಟ್ಟನು. ಅಂದಿನಿಂದ ಕೆಲವರು ಎರಡು ಜಾತಿಗಳೆಂದೂ ಕೆಲವರು ಒಂದೇ ಜಾತಿಯೆಂದೂ ವಾದಿಸುತ್ತ ಬಂದಿದ್ದಾರೆ.

ಈ ವಾದದಲ್ಲಿ ವಿಮರ್ಶಕನಿಗೂ ಒಂದು ಮಾತಿನ ಹಕ್ಕು ಇದೆ. ಎಲ್ಲಿಸನ ಕುಂಚವು ಹಗುರವಾದುದು. ತೆಳುವಾದ ಬಣ್ಣವನ್ನು ನೀರಿನಲ್ಲಿ ತೇಲಿಸಿ ಬಿಡುವ ಪದ್ಧತಿ ಅವನದು. ಗೆಯೋರ್ಗನಾದರೋ ಬಣ್ಣವನ್ನು ದಟ್ಟವಾಗಿ ಹಚ್ಚುವವನು. ಆದುದರಿಂದ ಕಂದು ತೆಳುವೋ ದಟ್ಟವೋ ಎಂಬ ಭೇದದ ಮೇಲೆ ಜಾತಿಭೇದವನ್ನು ಕಟ್ಟುವುದು ಕುಂಚದ ಭೇದವನ್ನು ಹಕ್ಕಿಯ ಮೇಲೆ ಹೊರಿಸಿದಂತೆ. ಆದರೆ ಬಿಳಿಯ ಗುರುತು ಎಲ್ಲಿದೆ, ಎಷ್ಟಿದೆ ಎಂಬುದು ಹಾಗಲ್ಲ. ಬಣ್ಣದ ಬಟ್ಟಲು ಬದಲಾದರೆ ಗುರುತು ಸ್ಥಳ ಬದಲಾಯಿಸುವುದಿಲ್ಲ. ಒಬ್ಬ ಲೇಖಕನ ಮಿಕ್ಕ ಚಿತ್ರಗಳಲ್ಲಿ, ಇಂದಿಗೂ ಬದುಕಿರುವ ಹಕ್ಕಿಗಳ ಚಿತ್ರಗಳಲ್ಲಿ, ಅವನು ಇಂಥ ಗುರುತುಗಳನ್ನು ಎಷ್ಟು ನಿಷ್ಠೆಯಿಂದ ತಂದಿದ್ದಾನೆಂದು ನೋಡಿ, ಆ ಅಳತೆಯಿಂದ ಅಳಿದ ಹಕ್ಕಿಯ ಚಿತ್ರವನ್ನು ನಂಬಬೇಕು ಇಲ್ಲವೆ ಬಿಡಬೇಕು. ಷಾರ್ಪನ ತೀರ್ಮಾನ ಸರಿಯೇ ಇರಬಹುದು. ದ್ವೀಪಕ್ಕೊಂದು ಜಾತಿ ಎಂಬುದು ಆ ಸಮುದ್ರದಲ್ಲಿ ಅಪರೂಪವೇನಲ್ಲ. ಆದರೆ ಚಿತ್ರವೊಂದನ್ನೇ ಮುಖ್ಯಾಧಾರ ಮಾಡಿಕೊಂಡು ಜಾತಿಯನ್ನು ಸ್ಥಾಪಿಸಿದ ಆ ಧೈರ್ಯವು, ಚಿತ್ರವನ್ನು ಚಿತ್ರವೆಂದು ಮೊದಲು ಓದಿದವನಿಗೆ ಅಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಪಾಪ, ಎಲ್ಲಿಸನು 1785ರಲ್ಲಿಯೇ ಹಡಗಿನ ಕೂವೆಯಿಂದ ಬಿದ್ದು ಸತ್ತನು. ತನ್ನ ಹೆಸರಿನ ಹಕ್ಕಿಯೊಂದು ಶಾಸ್ತ್ರದಲ್ಲಿ ಹಾರಾಡುವುದೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರನು.

ನಮ್ಮ ದೇಶದಲ್ಲಿಯೂ ಇಂಥ ಸಾಕ್ಷಿಚಿತ್ರ ಇಲ್ಲದೆ ಇಲ್ಲ. ಮಾರಿಷಸ್ ದ್ವೀಪದ ಡೋಡೋ ಹಕ್ಕಿಯ ಬಣ್ಣದ ಚಿತ್ರಗಳಲ್ಲಿ ಬಹಳ ನಂಬತಕ್ಕದ್ದೆಂದು ಶಾಸ್ತ್ರಜ್ಞರು ಮನ್ನಿಸುವ ಒಂದು, ಜಹಾಂಗೀರನ ಆಸ್ಥಾನದಲ್ಲಿ ಸುಮಾರು 1625ರಲ್ಲಿ ಬರೆದುದು. ಉಸ್ತಾದ್ ಮನ್ಸೂರನದೆಂದು ಹೇಳುತ್ತಾರೆ. ಮನ್ಸೂರನು ಯಾವ ಶಾಸ್ತ್ರಸಂಘದ ಸದಸ್ಯನೂ ಅಲ್ಲ. ಆದರೂ ಅವನ ಡೋಡೋ ನೆಲವನ್ನು ಮೆಟ್ಟಿ ನಿಂತಿದೆ; ಅದರ ತೂಕ ಕಾಲಿನ ಮೇಲೆ ಬಿದ್ದಿದೆ. ಬದುಕಿದ್ದ ಹಕ್ಕಿಯನ್ನು ಅರಮನೆಯ ತೋಟದಲ್ಲಿ ಬಿಡುವಾಗಿ ನೋಡಿದವನಿಗೂ ಸತ್ತ ಹಕ್ಕಿಯನ್ನು ತೂಗಾಡುವ ಹಡಗಿನಲ್ಲಿ ಅವಸರದಿಂದ ನೋಡಿದವನಿಗೂ ಇರುವ ಅಂತರವಿದು. ಗೆಯೋರ್ಗನನ್ನು ಮನ್ಸೂರನ ಪಕ್ಕದಲ್ಲಿ ಇಟ್ಟು ಹೀಗಳೆಯುವುದು ನ್ಯಾಯವಲ್ಲ.

ಹಾಗಾದರೆ ಬದುಕಿದ ಹಕ್ಕಿಯನ್ನು ದಿನವೂ ನೋಡಿದವರು ಯಾರೂ ಚಿತ್ರ ಬರೆಯಲಿಲ್ಲವೆ? ಈ ಪ್ರಶ್ನೆಗೆ ಒಂದು ವಿಚಿತ್ರವಾದ ಉತ್ತರವಿದೆ. ರಾಯಿಯಾತೆಯ ದ್ವೀಪದವನೇ ಆದ ತುಪಾಯಿಯ ಎಂಬ ಪುರೋಹಿತನು, ನಕ್ಷತ್ರಗಳನ್ನೂ ಅಲೆಗಳನ್ನೂ ಬಲ್ಲ ನಾವಿಕನು, 1769ರಲ್ಲಿ ‘ಎಂಡೆವರ್’ ನಾವೆಯನ್ನು ಏರಿ ಪಾರ್ಕಿನ್ಸನನ ಬಣ್ಣ ಕುಂಚಗಳನ್ನು ಹಿಡಿಯುವುದನ್ನು ಕಲಿತನು. ಅವನ ಚಿತ್ರಗಳು ಬಹುಕಾಲ ಬ್ಯಾಂಕ್ಸನವೆಂದೇ ಎಣಿಸಲ್ಪಟ್ಟಿದ್ದುವು. 1997ರಲ್ಲಿ ಬ್ಯಾಂಕ್ಸನ ಪತ್ರವೊಂದರಿಂದ ನಿಜವಾದ ಕರ್ತೃ ಹೊರಬಿದ್ದನು. ಉಳಿದಿರುವ ಆ ಕೆಲವು ಚಿತ್ರಗಳಲ್ಲಿ ಕೊಳಲೂದುವವರು, ದೋಣಿಗಳು, ಮೃತರಿಗಾಗಿ ದುಃಖಿಸುವವನ ಗರಿಗಳ ಉಡುಪು ಇವೆ. ಹಕ್ಕಿಯ ಚಿತ್ರ ಒಂದೂ ಇಲ್ಲ. ಆ ದ್ವೀಪಗಳವರಿಗೆ ಹಕ್ಕಿಯ ಬೆಲೆ ಇದ್ದುದು ಗರಿಯಲ್ಲಿ. ಕೆಂಪು ಗರಿಯಾದರೆ ಅದು ದೈವದ ವಸ್ತು. 1774ರಲ್ಲಿ ಟೊಂಗಾ ದ್ವೀಪಗಳಿಂದ ತಂದ ಕೆಂಪು ಗರಿಗಳಿಗಾಗಿ ತಾಹಿತಿಯವರು ಹಂದಿಗಳನ್ನು ಧಾರಾಳವಾಗಿ ಕೊಟ್ಟರು. ಗೆಯೋರ್ಗನ ಕಂದುಹಕ್ಕಿ ಅವರಿಗೂ ಬೇಡವಾದುದು, ನಾವಿಕರಿಗೂ ಬೇಡವಾದುದು. ಕುಂಚಕ್ಕೆ ಮಾತ್ರ ಬೇಕಾಗಿತ್ತು. ಇನ್ನೊಂದು ವಿಷಯವನ್ನೂ ಹೇಳದೆ ಬಿಡಲಾಗದು. ಅದೇ ವರ್ಷ ಅದೇ ನಾವೆಯವರು ತಾಹಿತಿಯಲ್ಲಿ ಇಪ್ಪತ್ತು ಬೆಕ್ಕುಗಳನ್ನು ಕೊಟ್ಟು, ರಾಯಿಯಾತೆಯದಲ್ಲಿಯೂ ಕೆಲವನ್ನು ಬಿಟ್ಟುಹೋದರು. ಹಡಗುಗಳಿಂದ ಇಳಿದ ಇಲಿಗಳನ್ನು ಯಾರೂ ಎಣಿಸಲಿಲ್ಲ. ಚಿತ್ರವನ್ನು ಹೊತ್ತು ಹೋದ ಹಡಗೂ ಹಕ್ಕಿಯ ಹಗೆಯನ್ನು ಇಳಿಸಿದ ಹಡಗೂ ಒಂದೇ.

ಗೆಯೋರ್ಗ್ ಫಾರ್ಸ್ಟರನ ಹೆಸರು ಸಂಸ್ಕೃತಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಬೇರೊಂದು ಕಾರಣದಿಂದ ಪರಿಚಿತವಾದುದು. ವಿಲಿಯಂ ಜೋನ್ಸನ ಇಂಗ್ಲಿಷ್ ಶಾಕುಂತಲವನ್ನು 1791ರಲ್ಲಿ ಜರ್ಮನಿಗೆ ಪರಿವರ್ತಿಸಿ ಹರ್ಡರ್, ಗಯಟೆ ಮೊದಲಾದವರ ಕೈಗಿತ್ತವನು ಇದೇ ಗೆಯೋರ್ಗ್. ಬಸವಪ್ಪಶಾಸ್ತ್ರಿಗಳ ಕನ್ನಡದ ಮೂಲಕವೋ ಮೂಲದ ಮೂಲಕವೋ ಆ ನಾಟಕವನ್ನು ಬಲ್ಲ ವಾಚಕರು ಆರನೆಯ ಅಂಕವನ್ನು ನೆನೆಯಬೇಕು. ಕಳೆದುಹೋದ ಪ್ರಿಯೆಯನ್ನು ದುಷ್ಯಂತನು ನೆನಪಿನಿಂದ ಬರೆದಿದ್ದಾನೆ. ರೂಪ ಬಂದಿದೆ, ಆದರೂ ಅವನಿಗೆ ತೃಪ್ತಿಯಿಲ್ಲ. ಮಾಲಿನಿಯ ಮರಳಿನಲ್ಲಿ ಹಂಸಗಳ ಜೋಡಿ, ಬೆಟ್ಟದ ತಪ್ಪಲಿನಲ್ಲಿ ಜಿಂಕೆಗಳು, ನಾರುಮಡಿ ತೂಗಿದ ಮರ, ಗಂಡಿನ ಕೋಡಿಗೆ ಕಣ್ಣನ್ನು ಉಜ್ಜಿಕೊಳ್ಳುವ ಹೆಣ್ಣು ಹುಲ್ಲೆ ಇವೆಲ್ಲ ಇನ್ನೂ ಬರೆಯಬೇಕಾಗಿವೆ. ಸ್ವಲ್ಪ ಹೊತ್ತಿನಲ್ಲಿ ಅವನು ಚಿತ್ರದ ದುಂಬಿಯನ್ನೇ ಗದರಿಸತೊಡಗುತ್ತಾನೆ. ಇದು ಚಿತ್ರವೆಂದು ವಿದೂಷಕನು ಎಚ್ಚರಿಸಬೇಕಾಗುತ್ತದೆ. ಚಿತ್ರದ ಹಕ್ಕಿಗೆ ಜಾತಿ ಕಲ್ಪಿಸಿ ಹೆಸರಿಟ್ಟ ಪಂಡಿತರ ಬಳಿ ಅಂಥ ವಿದೂಷಕನೊಬ್ಬನು ಇದ್ದಿದ್ದರೆ ಚೆನ್ನಾಗಿತ್ತು.

ರಾಯಿಯಾತೆಯದ ಹಾಳೆಯಲ್ಲಿಯೂ ಬರೆಯದೆ ಉಳಿದುದು ಬಹಳ. ಆ ಹಕ್ಕಿ ಯಾವ ಮರದ ಕಾಯಿಗೆ ಎರಗುತ್ತಿತ್ತು, ಗೂಡು ಎಲ್ಲಿ, ಗಂಡಿನ ಬಣ್ಣವೇನು, ಮರಿಗಳು ಹೇಗಿದ್ದುವು ಎಂಬುದನ್ನು ಹೇಳುವ ಗೆರೆ ಅದರಲ್ಲಿ ಇಲ್ಲ. ಮಾಲಿನಿಯ ಮರಳನ್ನೂ ಹಂಸಗಳನ್ನೂ ಗೆಯೋರ್ಗನು ಜರ್ಮನ್ ಭಾಷೆಗೆ ತರುತ್ತಿದ್ದಾಗ ಅವನ ಹಕ್ಕಿಗಳು ಬ್ಯಾಂಕ್ಸನ ವಶವಾಗಿ ಹದಿನೈದು ವರ್ಷಗಳಾಗಿದ್ದುವು. 1794ನೆಯ ಜನವರಿಯಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ಪ್ಯಾರಿಸ್ ನಗರದಲ್ಲಿ ತೀರಿಕೊಂಡನು.